ಬಾಗದ ಬೆರಳಿಗೆ ಎಷ್ಟು ಪರ್ಸೆಂಟ್?

– ಕಾಕಾ, ಈ ಕಾಗದ ಸ್ವಲ್ಪ ಓದಿ ಹೇಳ್ರಿ. ಮರಾಠಿಯಲ್ಲಿದ್ದರೆ ನಾನೇ ಓದಿಕೊಳ್ಳುತ್ತಿದ್ದೆ, ಇದು ಪೂರ್ತಿ ಇಂಗ್ಲಿಷ್. 11 ಪರ್ಸೆಂಟ್ ಅನ್ನುವುದೊಂದು ತಿಳಿಯಿತು. ನಮ್ಮನೆಯವರು ನೋಡಿ, 'ಏನೋ ಒಂದು ಬಂತಲ್ಲ, ಬಿಡು' ಅಂದರು. ನನಗೆ ಸಮಾಧಾನ ಆಗಲಿಲ್ಲ. ವಾಳೂಜಿನ ಖೋಲಿ ಬಿಟ್ಟು ಈಗ ನಾಶಿಕದಲ್ಲಿ ನಮ್ಮಣ್ಣನ ಮನೆಯಲ್ಲಿದ್ದೇವೆ. ಸಾತಪುರದಲ್ಲಿ ಯಾರನ್ನು ಕೇಳಿದರೂ ನಿಮ್ಮ ಮನೆ ತೋರಿಸಿದರು.

– ಬಂದದ್ದು ಒಳ್ಳೆಯದಾಯಿತು ತಂಗಿ, ಕೂಡು. ಮೊದಲು ಒಂದು ಮಾತು ಹೇಳು. ಈ ಕಾಗದ ನಿಮ್ಮ ಕೈ ಸೇರಿದ್ದು ಯಾವತ್ತು? ಮೇಲೆ ಟೈಪ್ ಮಾಡಿದ ತಾರೀಖು ಬೇಡ, ಅಂಚೆಯವನು ತಂದುಕೊಟ್ಟ ದಿನ ಹೇಳು.

– ಹೋದ ತಿಂಗಳು. ಲಕೋಟೆ ಹರಿದು ಒಗೆದಿಲ್ಲ, ಅದರ ಮೇಲೆ ಮುದ್ರೆ ಇದೆ ನೋಡ್ರಿ.

– ಶಾಣ್ಯಾಳಿದ್ದಿ. ಈ ಲಕೋಟೆಯನ್ನು ಕಾಗದದ ಜೊತೆಗೇ ಪಿನ್ ಮಾಡಿಡು. ಇಎಸ್‌ಐ ಮೆಡಿಕಲ್ ಬೋರ್ಡಿನ ತೀರ್ಮಾನ ಒಪ್ಪಿಗೆ ಇಲ್ಲದಿದ್ದರೆ, ಅದು ತಿಳಿದ ದಿನದಿಂದ ಮೂರು ತಿಂಗಳೊಳಗೆ ಮೆಡಿಕಲ್ ಅಪೀಲ್ ಟ್ರಿಬ್ಯುನಲ್ಲಿಗೆ ಹೋಗಬೇಕು. ತಡವಾದರೆ ಕಾರಣ ತೋರಿಸಿ ಕೇಳಿಕೊಳ್ಳಲು ದಾರಿ ಇದೆ. ಆದರೆ ಆಮೇಲೆ ನಿನ್ನ ಗಂಡನ ಕೈಯ ಮಾತು ಹಿಂದೆ ಬಿದ್ದು, ಯಾಕೆ ತಡವಾಯಿತು ಅನ್ನುವುದರ ಮೇಲೆಯೇ ಎರಡು ತಾರೀಖು ಹೋಗುತ್ತವೆ. ಈಗ ಆ ಕೈಯ ವಿಷಯ ಹೇಳು. ಬಲಗೈಯೋ ಎಡಗೈಯೋ?

– ಬಲಗೈ. ಪವರ್ ಪ್ರೆಸ್ಸಿನಲ್ಲಿ ಸಿಕ್ಕದ್ದು. ತೋರುಬೆರಳು ಬುಡದ ಗೆಣ್ಣಿನ ತನಕ ಹೋಯಿತು, ಒಂದು ತುಂಡು ಉಳಿದಿದೆ. ನಡುಬೆರಳನ್ನು ಡಾಕ್ಟರ್ ಉಳಿಸಿದರು. ಆದರೆ ಅದು ಬಾಗುವುದಿಲ್ಲ ಕಾಕಾ, ಕೋಲಿನ ಹಾಗೆ ನೆಟ್ಟಗೆ ನಿಂತಿದೆ. ಅಂಗಿ ತೋಳಿನಲ್ಲಿ ಕೈ ತೂರಿಸುವಾಗ ಅದೊಂದೇ ಬೆರಳು ಸಿಕ್ಕಿಕೊಳ್ಳುತ್ತದೆ. ಬಸ್ಸಿನಲ್ಲಿ ಕಂಬಿ ಹಿಡಿದರೆ ಮೂರು ಬೆರಳು ಸುತ್ತಿಕೊಳ್ಳುತ್ತವೆ, ಇದು ಹೊರಗೇ ಇರುತ್ತದೆ. ರೊಟ್ಟಿ ಮುರಿಯುವುದು ಈಗ ಎಡಗೈಯಲ್ಲಿ. ನೆಂಟರ ಮುಂದೆ ಎಡಗೈಯಲ್ಲಿ ಉಣ್ಣಲು ನಾಚಿಕೆ ಅಂತ ಮದುವೆ ಮುಂಜಿವಿಗೆ ಹೋಗುವುದನ್ನೇ ಬಿಟ್ಟಿದ್ದಾರೆ.

– ಬೋರ್ಡಿನ ಮುಂದೆ ಇದನ್ನೆಲ್ಲ ಹೇಳಿದರೇನು?

– ಎಲ್ಲಿ ಹೇಳುತ್ತಾರೆ? ಕೈ ತೋರಿಸು ಅಂದರು, ತೋರಿಸಿದರು. ಹೋಗು ಅಂದರು, ಬಂದರು. ಸಾಹೇಬರ ಮುಂದೆ ಅವರಿಗೆ ಬಾಯಿ ಬರುವುದಿಲ್ಲ.

– ಹತ್ತರಲ್ಲಿ ಎಂಟು ಮಂದಿಯದು ಇದೇ ಕಥೆ. ಮೂವತ್ತು ವರ್ಷ ಈ ಸಾತಪುರ, ಅಂಬಡ ಎಂಐಡಿಸಿಗಳಲ್ಲಿ ಸಂಘದ ಕೆಲಸ ಮಾಡಿದೆ. ಬೆರಳು ಹೋದವರು ಬೋರ್ಡಿನ ಮುಂದೆ ಕೈ ಚಾಚಿ ಸುಮ್ಮನೆ ನಿಲ್ಲುತ್ತಾರೆ. ಡಾಕ್ಟರಿಗೆ ಕಂಡದ್ದು ಕಾಗದಕ್ಕೆ ಇಳಿಯುತ್ತದೆ, ಕಾಣದ್ದು ಬಿಟ್ಟುಹೋಗುತ್ತದೆ. ಇಲ್ಲಿ ಆಗಿರುವುದೂ ಅದೇ. ಇಎಸ್‌ಐ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಬೆರಳು ಬೆರಳಿಗೂ ಲೆಕ್ಕ ಇದೆ. ತೋರುಬೆರಳು ಪೂರ್ತಿ ಹೋದರೆ 14, ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣು ಹೋದರೆ 9. ನಡುಬೆರಳು ಪೂರ್ತಿ ಹೋದರೆ 12. ಉಂಗುರ ಬೆರಳು, ಕಿರುಬೆರಳಿಗೆ 7. ಹೆಬ್ಬೆರಳಿಗೆ 30. ನಿನ್ನ ಗಂಡನಿಗೆ ಬಂದದ್ದು ಎಷ್ಟು?

– 11. ಅಂದರೆ ತೋರುಬೆರಳಿನ ಎರಡು ಗೆಣ್ಣಿನ ಲೆಕ್ಕ ಅಷ್ಟೇ?

– ಅಷ್ಟೇ. ನಡುಬೆರಳಿಗೆ ಸೊನ್ನೆ. ಕತ್ತರಿಸಿಲ್ಲವಲ್ಲ, ಕೈಯಲ್ಲೇ ಇದೆ ಅಂತ ಬಿಟ್ಟಿದ್ದಾರೆ. ಈಗ ನಾನು ಹೇಳುವುದನ್ನು ಗಟ್ಟಿಯಾಗಿ ನೆನಪಿಡು. ಅದೇ ಅನುಸೂಚಿಯ ಕೊನೆಯಲ್ಲಿ ಒಂದು ಟಿಪ್ಪಣಿ ಇದೆ. ಯಾವುದೇ ಅಂಗದ ಉಪಯೋಗ ಪೂರ್ತಿಯಾಗಿ, ಕಾಯಂ ಆಗಿ ಹೋದರೆ ಆ ಅಂಗವೇ ಹೋದಂತೆ ಎಣಿಸಬೇಕು ಅನ್ನುತ್ತದೆ. ನಿನ್ನ ಗಂಡನ ಅಪೀಲು ನಿಲ್ಲುವುದು ಈ ಟಿಪ್ಪಣಿಯ ಮೇಲೆ.

– ಹಾಗಾದರೆ 11ಕ್ಕೆ 12 ಸೇರಿ 23 ಆಗುತ್ತದಾ?

– ಆಗಿಯೇ ಆಗುತ್ತದೆ ಅಂತ ನಾನು ಮಾತು ಕೊಡಲಾರೆ. ಬೆರಳು ಎಷ್ಟು ಬಾಗುತ್ತದೆ, ಮುಂದೆ ಸುಧಾರಿಸುವ ಸಾಧ್ಯತೆ ಇದೆಯೋ ಇಲ್ಲವೋ ಅನ್ನುವುದನ್ನು ಡಾಕ್ಟರರೇ ಹೇಳಬೇಕು. ಸ್ವಲ್ಪ ಬಾಗುತ್ತದೆ ಅಂದರೆ 12ರ ಬದಲು 5, 6 ಬಂದೀತು. ಸೊನ್ನೆಯಂತೂ ಸರಿಯಲ್ಲ. ದುಡ್ಡಿನ ಲೆಕ್ಕ ನೋಡು. ದಿನದ ಸರಾಸರಿ ಕೂಲಿ ಎಷ್ಟಿತ್ತು?

– 500.

– ಅದರ ಶೇಕಡಾ 90, ಅಂದರೆ 450 ರೂಪಾಯಿ ಪೂರ್ತಿ ದರ. ಅದರಲ್ಲಿ 11 ಪರ್ಸೆಂಟ್ ಅಂದರೆ ದಿನಕ್ಕೆ 49 ರೂಪಾಯಿ 50 ಪೈಸೆ, ತಿಂಗಳಿಗೆ 1,485. ನಡುಬೆರಳಿನ 12 ಸೇರಿದರೆ ದಿನಕ್ಕೆ 103 ರೂಪಾಯಿ 50 ಪೈಸೆ, ತಿಂಗಳಿಗೆ 3,105. ಇದು ಬದುಕಿರುವ ತನಕ ಬರುವ ದುಡ್ಡು. ಅವನು ಬೇರೆ ಕಡೆ ದುಡಿದರೂ ಬರುತ್ತದೆ, ಮನೆಯಲ್ಲಿ ಕೂತರೂ ಬರುತ್ತದೆ. ವಯಸ್ಸು ಎಷ್ಟು ಅವನಿಗೆ?

– ಮೂವತ್ತನಾಲ್ಕು.

– ಹಾಗಾದರೆ 'ಏನೋ ಒಂದು ಬಂತಲ್ಲ' ಅಂತ ಬಿಡುವ ಮೊತ್ತ ಇದಲ್ಲ ತಂಗಿ. ವರ್ಷಕ್ಕೆ 19,000 ರೂಪಾಯಿಗೂ ಮಿಕ್ಕಿದ ವ್ಯತ್ಯಾಸ. ಮಕ್ಕಳ ಶಾಲೆಯ ದುಡ್ಡು.

– ಇನ್ನೊಂದು ಕಾಗದಕ್ಕೂ ಸಹಿ ಮಾಡಬೇಕು ಅಂದರಂತೆ. ಒಂದೇ ಸಲಕ್ಕೆ ಇಡಿಗಂಟು ಕೊಡುತ್ತಾರೆ, ತಿಂಗಳು ತಿಂಗಳು ಕಾಯುವುದು ಬೇಡ ಅಂತ. ನಮ್ಮವರು ಒಪ್ಪಿಯೇ ಬಿಟ್ಟಿದ್ದರು, ನಾನು ತಡೆದೆ.

– ತಡೆದದ್ದು ಬಹಳ ದೊಡ್ಡ ಕೆಲಸ. ಅದಕ್ಕೆ ಕಮ್ಯುಟೇಶನ್ ಅನ್ನುತ್ತಾರೆ. ದಿನದ ದರ ತೀರ ಸಣ್ಣದಿದ್ದಾಗ ಮಾತ್ರ ಅದು ಸಿಗುವುದು, ನಿಮ್ಮ ದರಕ್ಕೆ ಸಿಗುತ್ತದೋ ಇಲ್ಲವೋ ಅದೇ ಅನುಮಾನ. ಸಿಕ್ಕರೂ ಈಗ ಮುಟ್ಟಬೇಡಿ. ಬೋರ್ಡಿನ ತೀರ್ಮಾನದ ಮೇಲೆ ಇಡಿಗಂಟಿಗೆ ಅರ್ಜಿ ಕೊಟ್ಟು ದುಡ್ಡು ತೆಗೆದುಕೊಂಡವನಿಗೆ ಆಮೇಲೆ ಅಪೀಲಿನ ಹಕ್ಕು ಉಳಿಯುವುದಿಲ್ಲ. 54-ಎ ಕಲಮಿನಲ್ಲೇ ಹಾಗೆ ಬರೆದಿದೆ. ಅಂಬಡದಲ್ಲಿ ನನ್ನ ಜೊತೆ ಇದ್ದ ಒಬ್ಬ ಫಿಟ್ಟರ್ ಮಗಳ ಮದುವೆಗೆ ಅಂತ ಆ ದುಡ್ಡು ತೆಗೆದುಕೊಂಡ. ವರ್ಷ ಕಳೆದ ಮೇಲೆ ನನ್ನ ಹತ್ತಿರ ಬಂದು ಕೈ ತೋರಿಸಿದ. ಗೆಲ್ಲುವ ಕೇಸು ಅದು, ಆದರೆ ಬಾಗಿಲು ಮುಚ್ಚಿತ್ತು. ಅವನ ಮುಖ ನೋಡಲಾಗಲಿಲ್ಲ ನನಗೆ.

– ನಮ್ಮಣ್ಣ ಇನ್ನೊಂದು ಹೇಳಿದ. ಜಿಲ್ಲಾ ಆಸ್ಪತ್ರೆಯಲ್ಲಿ ದಿವ್ಯಾಂಗ ಸರ್ಟಿಫಿಕೇಟ್ ಮಾಡಿಸಿ, ಅದನ್ನೇ ಕೋರ್ಟಿಗೆ ಹಾಕಿದರೆ ಸಾಕು ಅಂತ.

– ಅದು ಬೇರೆ ಕಾನೂನು, ಬೇರೆ ಅಳತೆ. 2016ರ ದಿವ್ಯಾಂಗರ ಹಕ್ಕು ಕಾಯ್ದೆಯ ಸರ್ಟಿಫಿಕೇಟ್ ದೇಹದ ಊನ ಎಷ್ಟು ಅಂತ ಹೇಳುತ್ತದೆ, ಅಲ್ಲಿ 40 ದಾಟಿದರೆ ಸರ್ಕಾರಿ ಸವಲತ್ತು. ಅದು ತಪ್ಪಾಗಿದೆ ಅನ್ನಿಸಿದರೂ ಅಪೀಲು ಇದೆ, ಆದರೆ ಅದು ಬೇರೆ ಕಚೇರಿಗೆ. ಇಎಸ್‌ಐಯಲ್ಲಿ ಕೇಳುವುದು ಗಳಿಸುವ ಶಕ್ತಿ ಎಷ್ಟು ಹೋಯಿತು ಅಂತ. ಅಪಘಾತದ ದಿನ ಅವನು ಯಾವ ಯಾವ ಕೆಲಸ ಮಾಡಬಲ್ಲವನಾಗಿದ್ದ, ಈಗ ಯಾವುದು ಆಗುವುದಿಲ್ಲ? ಅದನ್ನು ಹೇಳಬೇಕು. ನಾಚಿಕೆಪಟ್ಟು ನಿಂತರೆ ಆಗುವುದಿಲ್ಲ. ಅವನಿಗೆ ಏನೇನು ಕೆಲಸ ಬರುತ್ತಿತ್ತು?

– ಪ್ರೆಸ್ ನಡೆಸುವುದು, ಡೈ ಕೂರಿಸುವುದು. ಊರಲ್ಲಿದ್ದಾಗ ಪಂಪ್‌ಸೆಟ್ ಬಿಚ್ಚಿ ಜೋಡಿಸುತ್ತಿದ್ದರು. ಸುಗ್ಗಿಯಲ್ಲಿ ಕಬ್ಬು ಕಡಿಯುವುದೂ ಬರುತ್ತಿತ್ತು. ಈಗ ಪಾನಾ ಹಿಡಿದರೆ ಜಾರುತ್ತದೆ, ಕೊಯ್ತಾ ಹಿಡಿಯಲು ಆಗುವುದೇ ಇಲ್ಲ.

– ಇದನ್ನೇ ಬರೆಸಬೇಕು. ಪಾನಾ, ಕೊಯ್ತಾ ಎರಡನ್ನೂ ಹೆಸರಿಟ್ಟು ಬರೆಸು. 'ತೀವ್ರ ತೊಂದರೆ' ಅಂತ ಬರೆದರೆ ಯಾರಿಗೂ ಏನೂ ಕಾಣುವುದಿಲ್ಲ. ಇದರ ಜೊತೆಗೆ ಸರ್ಕಾರಿ ಆಸ್ಪತ್ರೆಯ ಮೂಳೆ ಡಾಕ್ಟರರಿಂದ ಒಂದು ಅಭಿಪ್ರಾಯ ಬೇಕು. ಸಂಭಾಜಿನಗರದ ಘಾಟಿ ಆಸ್ಪತ್ರೆಯಾಗಲಿ, ಇಲ್ಲಿನ ಸಿವಿಲ್ ಆಗಲಿ. ನಡುಬೆರಳಿನ ಒಂದೊಂದು ಗೆಣ್ಣೂ ಎಷ್ಟು ಡಿಗ್ರಿ ಬಾಗುತ್ತದೆ, ಹಿಡಿತದ ಬಲ ಎಷ್ಟು, ಇದು ಕಾಯಮೋ ಅಲ್ಲವೋ ಅಂತ ಬರೆದು ಕೊಡಲು ಕೇಳಿಕೊಳ್ಳಿ. ಅಪಘಾತವಾದಾಗ ಕಾರ್ಖಾನೆಯವರು ಕಳಿಸಿದ ವರದಿಯ ಪ್ರತಿ ಇದೆಯಾ? ಫಾರ್ಮ್ 12 ಅನ್ನುತ್ತಾರೆ.

– ಇಲ್ಲ. ಅದೊಂದು ಇರುತ್ತದೆ ಅಂತಲೇ ಗೊತ್ತಿರಲಿಲ್ಲ.

– ಬರೆದು ಕೇಳಿ. ಮೊದಲು ಸೇರಿಸಿದ ಆಸ್ಪತ್ರೆಯ ಕೇಸ್ ಪೇಪರ್, ಎಕ್ಸ್‌ರೇ, ಆಪರೇಷನ್ ಕಾಗದ, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ ಎಲ್ಲದರ ಎರಡು ಸೆಟ್ ಮಾಡಿಸು. ಕೇಸು ಸೋಲುವುದು ಕಾನೂನಿನ ತೊಡಕಿನಿಂದ ಅಂತ ಜನ ತಿಳಿದಿದ್ದಾರೆ. ನಾನು ಕಂಡ ಮಟ್ಟಿಗೆ ಕಾಗದ ಇಲ್ಲದೆ ಸೋತ ಕೇಸುಗಳೇ ಹೆಚ್ಚು.

– ಅಪೀಲು ನಾಶಿಕದಲ್ಲೇ ಹಾಕಬಹುದಾ? ಪ್ರತಿ ತಾರೀಖಿಗೂ ಯೇವಲಾ, ವೈಜಾಪುರ ದಾಟಿ ಹೋಗಿಬರುವುದು ಅಂದರೆ ಒಂದು ದಿನದ ಕೂಲಿ ಹೋಯಿತು, ಇಬ್ಬರ ಬಸ್ ಚಾರ್ಜು ಬೇರೆ.

– ಕೆಲಸ ಮಾಡುತ್ತಿದ್ದ ಜಾಗ ಯಾವ ಕೋರ್ಟಿನ ಹದ್ದಿಗೆ ಬರುತ್ತದೋ ಅಲ್ಲೇ ಹಾಕಬೇಕು. ವಾಳೂಜ ಆದ್ದರಿಂದ ಸಂಭಾಜಿನಗರ. ನೀವು ನಾಳೆ ನಿಮ್ಮೂರು ಔರಾದಿಗೆ ಹೋಗಿ ನೆಲೆಸಿದರೂ ಬೀದರಿನಲ್ಲಿ ಹಾಕಲಾಗುವುದಿಲ್ಲ. ಆದರೆ ಹಾಕಿದ ಮೇಲೆ, ಅಲ್ಲಿ ನಡೆಸುವುದು ನಮಗೆ ಕಷ್ಟ, ಬೇರೆ ವಿಮಾ ಕೋರ್ಟಿಗೆ ವರ್ಗಾಯಿಸಿ ಅಂತ ಆ ಕೋರ್ಟಿಗೇ ಅರ್ಜಿ ಕೊಡಬಹುದು. 76ನೆಯ ಕಲಮಿನಲ್ಲಿ ಅವಕಾಶ ಇದೆ, ಆದರೆ ಅದೇ ರಾಜ್ಯದೊಳಗಿನ ಕೋರ್ಟಿಗೆ ಮಾತ್ರ. ಬೇರೆ ರಾಜ್ಯಕ್ಕಾದರೆ ರಾಜ್ಯ ಸರ್ಕಾರವೇ ಆ ರಾಜ್ಯದ ಒಪ್ಪಿಗೆ ಪಡೆದು ವರ್ಗಾಯಿಸಬೇಕು. ಕೊಡುತ್ತಾರೋ ಇಲ್ಲವೋ ಅದು ಅವರ ವಿವೇಚನೆ. ಕೇಳದೆ ಇದ್ದರೆ ಯಾರೂ ಕೊಡುವುದಿಲ್ಲ.

– ಟ್ರಿಬ್ಯುನಲ್ ಅಂತೀರಿ, ಕೋರ್ಟ್ ಅಂತೀರಿ. ಎರಡೂ ಒಂದೆಯಾ?

– ಎರಡು ದಾರಿ. ಮೊದಲು ಮೆಡಿಕಲ್ ಅಪೀಲ್ ಟ್ರಿಬ್ಯುನಲ್, ಅಲ್ಲೂ ಒಪ್ಪಿಗೆಯಾಗದಿದ್ದರೆ ನೌಕರರ ವಿಮಾ ನ್ಯಾಯಾಲಯ. ಇಲ್ಲವೆ ಟ್ರಿಬ್ಯುನಲ್ ಬಿಟ್ಟು ನೇರವಾಗಿ ವಿಮಾ ನ್ಯಾಯಾಲಯಕ್ಕೇ ಹೋಗಬಹುದು. ಮಹಾರಾಷ್ಟ್ರದಲ್ಲಿ ಇಂಡಸ್ಟ್ರಿಯಲ್ ಕೋರ್ಟಿನಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಅಲ್ಲಿಂದ ಮುಂದೆ ಹೈಕೋರ್ಟು. ಸಂಭಾಜಿನಗರದ್ದಾದರೆ ಅಲ್ಲಿನ ಪೀಠಕ್ಕೆ, ನಾಶಿಕದ್ದಾದರೆ ಮುಂಬೈಗೆ. ಆದರೆ ಹೈಕೋರ್ಟಿಗೆ 60 ದಿನದೊಳಗೆ ಹೋಗಬೇಕು, ಅದೂ ಕಾನೂನಿನ ಮಹತ್ವದ ಪ್ರಶ್ನೆ ಇದ್ದರೆ ಮಾತ್ರ. ಬೆರಳು ಬಾಗುತ್ತದೋ ಇಲ್ಲವೋ ಅನ್ನುವುದನ್ನು ಹೈಕೋರ್ಟು ಅಳೆಯುತ್ತ ಕೂಡುವುದಿಲ್ಲ. ಹಾಗಾಗಿ ಕೆಳಗಿನ ಹಂತದಲ್ಲೇ ಎಲ್ಲ ಪುರಾವೆ ಕೊಟ್ಟು ಮುಗಿಸಬೇಕು. ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಬೋರ್ಡಿನ ತೀರ್ಮಾನದ ಮೇಲೆ ಅಪೀಲು ಹೋಗುವ ಹಕ್ಕು ನಿಮಗಿರುವಂತೆ ಇಎಸ್‌ಐ ನಿಗಮಕ್ಕೂ ಇದೆ.

– ವಕೀಲರಿಗೆ ಕೊಡಲು ನಮ್ಮ ಹತ್ತಿರ ಏನಿದೆ ಕಾಕಾ?

– ವಕೀಲರೇ ಬೇಕೆಂದಿಲ್ಲ. ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿ, ನಿನ್ನ ಗಂಡ ಬರೆದು ಕೊಟ್ಟ ಅಧಿಕಾರದ ಮೇಲೆ ಅವನ ಪರವಾಗಿ ನಿಲ್ಲಬಹುದು. ನಾನೇ ಹಾಗೆ ನಿಂತಿದ್ದೇನೆ. ವಕೀಲರು ಬೇಕು ಅನ್ನಿಸಿದರೆ ಜಿಲ್ಲಾ ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಕೈಗಾರಿಕಾ ಕಾರ್ಮಿಕರಿಗೆ, ಹೆಣ್ಣುಮಕ್ಕಳಿಗೆ, ದಿವ್ಯಾಂಗರಿಗೆ 1987ರ ಕಾಯ್ದೆಯ ಪ್ರಕಾರ ಉಚಿತ ವಕೀಲರನ್ನು ಕೊಡಬೇಕು. ಇದು ಯಾರೋ ಮಾಡುವ ಉಪಕಾರ ಅಂತ ತಿಳಿಯಬೇಡ, ನಿಮ್ಮ ಹಕ್ಕು.

– ನಮ್ಮಣ್ಣನದೂ ಒಂದು ಇದೆ. ಅವನಿಗೆ ಟಿಬಿ ಆಗಿ ಮೂರು ತಿಂಗಳು ಮಲಗಿದ. ಅಂಬಡದಲ್ಲಿ ಠೇಕೇದಾರನ ಕೈಕೆಳಗೆ ಕೆಲಸ. ಸಿಕ್ ದುಡ್ಡು ಕೇಳಿದರೆ, ನಿನ್ನ ವಂತಿಗೆಯ ದಿನ ಕಡಿಮೆ ಬಿದ್ದಿವೆ ಅಂತ ವಾಪಸ್ ಕಳಿಸಿದರು.

– ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಬೇಕು. ಅವನು ನಿಜಕ್ಕೂ ಎಷ್ಟು ದಿನ ದುಡಿದಿದ್ದಾನೆ?

– ದಿನಾ ಹೋಗಿದ್ದಾನೆ. ಠೇಕೇದಾರ ತಿಂಗಳಿಗೆ ಹತ್ತು ದಿನ ಮಾತ್ರ ತೋರಿಸಿದ್ದಾನಂತೆ.

– ಹಾಗಾದರೆ ಅದು ಠೇಕೇದಾರನ ತಪ್ಪು, ನಿನ್ನ ಅಣ್ಣನದಲ್ಲ. ನಿಯಮ ನೋಡುವುದು ವಂತಿಗೆ ಕಟ್ಟಬೇಕಾಗಿದ್ದ ದಿನಗಳನ್ನು. ಮಾಲೀಕ ಕಟ್ಟದೆ ಉಳಿಸಿಕೊಂಡರೆ ಅದನ್ನು ಅವನಿಂದ ವಸೂಲು ಮಾಡುವ ಅಧಿಕಾರ ನಿಗಮಕ್ಕೆ ಇದೆ. 2002ರಲ್ಲಿ ಭರಗತ್ ಎಂಜಿನಿಯರಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ, ಮಾಲೀಕ ವಂತಿಗೆ ಕಟ್ಟಿಲ್ಲ ಅಂದ ಮಾತ್ರಕ್ಕೆ ಕಾರ್ಮಿಕನ ವಿಮೆ ಇಲ್ಲವಾಗುವುದಿಲ್ಲ ಅಂತ. ಹಾಜರಿ ಕಾರ್ಡು, ಗೇಟ್ ಪಾಸು, ಬ್ಯಾಂಕಿಗೆ ಬಿದ್ದ ಸಂಬಳ, ಜೊತೆಗೆ ದುಡಿದ ಇಬ್ಬರ ಸಾಕ್ಷಿ, ಇಷ್ಟು ಹಿಡಿದು ಅವನು ನಾಶಿಕದಲ್ಲೇ ವಿಮಾ ನ್ಯಾಯಾಲಯಕ್ಕೆ ಹೋಗಬಹುದು. ಇದಕ್ಕೆ ಮೆಡಿಕಲ್ ಬೋರ್ಡಿನ ಸಂಬಂಧ ಇಲ್ಲ. ಕ್ಲೇಮನ್ನು 12 ತಿಂಗಳೊಳಗೆ ಹಾಕಿರಬೇಕು, ಕೇಸಿಗೆ ಮೂರು ವರ್ಷದ ಗಡುವು. ಸಿಕ್ ದುಡ್ಡು ಕೂಲಿಯ ಶೇಕಡಾ 70, ವರ್ಷಕ್ಕೆ 91 ದಿನದವರೆಗೆ. ಟಿಬಿ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿದೆ, ಎರಡು ವರ್ಷದ ಸೇವೆ ಮತ್ತು ಬೇಕಾದಷ್ಟು ವಂತಿಗೆ ಇದ್ದರೆ ಆಮೇಲೆ ಶೇಕಡಾ 80ರ ದರದಲ್ಲಿ ಮುಂದುವರಿಯುತ್ತದೆ. ಒಂದು ಕೇಳುತ್ತೇನೆ, ಕಾಯಿಲೆ ಇದ್ದಾಗ ಅವನು ಊರಿಗೆ ಹೋಗಿದ್ದನಾ?

– ಅವ್ವನ ಹತ್ತಿರ ಹದಿನೈದು ದಿನ ಇದ್ದು ಬಂದ. ಯಾಕ್ರಿ?

– ಡಾಕ್ಟರರನ್ನು ಕೇಳಿ ಹೋಗಿದ್ದನಾ? ಸಿಕ್ ದುಡ್ಡು ತೆಗೆದುಕೊಳ್ಳುವವನು ಇಎಸ್‌ಐ ಡಾಕ್ಟರರ ಅನುಮತಿ ಇಲ್ಲದೆ ಚಿಕಿತ್ಸೆಯ ಪ್ರದೇಶ ಬಿಟ್ಟು ಹೋಗಬಾರದು ಅಂತ ಕಾಯ್ದೆಯಲ್ಲಿದೆ. ನಮ್ಮ ಜನಕ್ಕೆ ಇದು ಗೊತ್ತೇ ಇಲ್ಲ. ಮೈ ಸರಿ ಇಲ್ಲ ಅಂದ ಕೂಡಲೇ ಊರ ಬಸ್ಸು ಹತ್ತುತ್ತಾರೆ. ಊರ ಹವಾ, ತಾಯಿಯ ಕೈ ಅಡುಗೆ ಅಂದರೆ ಯಾರಿಗೆ ಬೇಡ? ಆದರೆ ಹೋಗುವ ಮುಂಚೆ ಒಂದು ಚೀಟಿ ಬರೆಸಿಕೊಂಡರೆ ಈ ಕಾರಣಕ್ಕೆ ದುಡ್ಡು ನಿಲ್ಲುವುದಿಲ್ಲ. ಆ ಹದಿನೈದು ದಿನ ಬಿಟ್ಟು ಉಳಿದ ದಿನಗಳಿಗಾದರೂ ಅವನು ಹೋರಾಡಲಿ.

– ಕಾಕಾ, ಸಿಟ್ಟಾಗಬೇಡ್ರಿ. ಇಷ್ಟೆಲ್ಲ ಓಡಾಡಿದರೆ ಏನಾದರೂ ಸಿಗುತ್ತದಾ? ಕೋರ್ಟಿಗೆ ಹೋದವರು ಮುದುಕರಾಗಿ ಬಂದದ್ದನ್ನೇ ನಾನು ಕಂಡಿದ್ದು.

– ಸಿಟ್ಟು ಯಾಕೆ, ಕೇಳಬೇಕಾದ ಪ್ರಶ್ನೆಯೇ. ಸಂಭಾಜಿನಗರದ ಕೆಳಗೆ ಉಸ್ಮಾನಾಬಾದ್, ಈಗಿನ ಧಾರಾಶಿವ. 2003ರ ಏಪ್ರಿಲ್ 22ರಂದು ಅಲ್ಲಿ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬ ಬೆಳಗಿನ ಜಾವ 3 ಗಂಟೆಯ ಪಾಳಿಗೆ ಹೊರಟಿದ್ದ. ಕಾರ್ಖಾನೆ ಇನ್ನೂ ಐದು ಕಿಲೋಮೀಟರ್ ಇರುವಾಗ ರಸ್ತೆ ಅಪಘಾತದಲ್ಲಿ ತೀರಿಕೊಂಡ. 2009ರಲ್ಲಿ ಕಾರ್ಮಿಕ ಪರಿಹಾರ ಆಯುಕ್ತರು ಅವನ ಮನೆಯವರಿಗೆ 3,26,140 ರೂಪಾಯಿ ಮತ್ತು ಬಡ್ಡಿ ಕೊಡಿಸಿದರು. ವಿಮಾ ಕಂಪನಿ ಹೈಕೋರ್ಟಿಗೆ ಹೋಯಿತು. ಕೆಲಸದ ಜಾಗದಲ್ಲಿ ಸತ್ತಿಲ್ಲ ಅಂತ 2011ರಲ್ಲಿ ಆ ಆದೇಶ ರದ್ದಾಯಿತು. ಹೆಂಡತಿ ಬಿಡಲಿಲ್ಲ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಮನೋಜ್ ಮಿಶ್ರಾ ಮತ್ತು ಕೆ.ವಿ. ವಿಶ್ವನಾಥನ್ ಆ ಪರಿಹಾರವನ್ನು ಎತ್ತಿಹಿಡಿದರು.

– ಇಪ್ಪತ್ತೆರಡು ವರ್ಷ!

– ಹೌದು. ಅದನ್ನು ಸಣ್ಣದು ಮಾಡಿ ಹೇಳುವುದಿಲ್ಲ. ಆ ಮನೆಯ ಮಕ್ಕಳು ತಂದೆಯ ದುಡ್ಡು ಬರುವಷ್ಟರಲ್ಲಿ ದೊಡ್ಡವರಾಗಿಬಿಟ್ಟರು, ಅದು ಅನ್ಯಾಯವೇ. ಆದರೆ ಆ ತೀರ್ಪಿನ ಬಲ ಎಲ್ಲಿಂದ ಬಂತು ನೋಡು. ಹಿಂದೆ ಸೈಕಲ್ ಮೇಲೆ ಕೆಲಸಕ್ಕೆ ಹೊರಟಿದ್ದ ಒಬ್ಬನಿಗೆ ಕಾರ್ಖಾನೆಯಿಂದ ಒಂದು ಕಿಲೋಮೀಟರ್ ದೂರದಲ್ಲಿ ಲಾರಿ ಬಡಿದು ಕೊರಳೆಲುಬು ಮುರಿದಿತ್ತು. 1996ರಲ್ಲಿ ಸುಪ್ರೀಂ ಕೋರ್ಟು ಅವನಿಗೆ ಇಎಸ್‌ಐ ಪರಿಹಾರ ಇಲ್ಲ ಅಂದಿತು. ಅವನು ಸೋತ. ಆದರೆ 2010ರಲ್ಲಿ ಸಂಸತ್ತು 51-ಇ ಕಲಮು ಸೇರಿಸಿ, ಮನೆಯಿಂದ ಕೆಲಸಕ್ಕೆ ಹೋಗಿಬರುವಾಗ ಆದದ್ದೂ ಕೆಲಸಕ್ಕೆ ಸಂಬಂಧಪಟ್ಟದ್ದಾದರೆ ಕೆಲಸದ ಅಪಘಾತವೇ ಅಂತ ಬರೆಯಿತು. ಆ ಕಲಮನ್ನೇ ಹಿಡಿದು ಧಾರಾಶಿವದ ಹೆಣ್ಣುಮಗಳಿಗೆ ಗೆಲುವು ಬಂತು. ಆ ಪ್ರಶ್ನೆ ಕಾನೂನಿನದಾದ್ದರಿಂದ ದಿಲ್ಲಿಯವರೆಗೆ ಹೋಯಿತು. ನಿಮ್ಮದು ಒಂದು ಬೆರಳಿನ ಅಳತೆಯ ಪ್ರಶ್ನೆ, ಎಕ್ಸ್‌ರೇ ಮತ್ತು ಡಾಕ್ಟರರ ಕಾಗದ ಗಟ್ಟಿ ಇದ್ದರೆ ಕೆಳಗೇ ಮುಗಿಯುತ್ತದೆ. ಅಲ್ಲಿಯವರೆಗೆ 11 ಪರ್ಸೆಂಟಿನ ದುಡ್ಡು ತಿಂಗಳು ತಿಂಗಳು ತೆಗೆದುಕೊಳ್ಳಿ. ಇಡಿಗಂಟು ಒಂದನ್ನು ಮುಟ್ಟಬೇಡಿ.

– ಈಗ ಕಾರ್ಮಿಕರ ಕಾನೂನೆಲ್ಲ ಬದಲಾಗಿದೆ ಅಂತಾರಲ್ರೀ?

– ಹೌದು, 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಹಳೆಯ ಇಎಸ್‌ಐ ಕಾಯ್ದೆ ಅದರೊಳಗೆ ಸೇರಿತು, ಕಲಮಿನ ನಂಬರ್‌ಗಳು ಬದಲಾಗಿವೆ. ನಾನು ಹೇಳಿದ ನಂಬರ್‌ಗಳು 1948ರ ಕಾಯ್ದೆಯವು, ನಿಮ್ಮ ಅಪಘಾತವೂ ಆ ಕಾಲದ್ದೇ. ಅರ್ಜಿ ಬರೆಯುವಾಗ ಯಾವುದನ್ನು ಹಾಕಬೇಕು ಅನ್ನುವುದನ್ನು ಕಾನೂನು ಸೇವೆಯ ವಕೀಲರು ನೋಡಿಕೊಳ್ಳುತ್ತಾರೆ. ವಿಮಾ ನ್ಯಾಯಾಲಯ ಹೊಸದರಲ್ಲೂ ಇದೆ.

– ನಮ್ಮವರನ್ನು ಒಪ್ಪಿಸುವುದೇ ಕಷ್ಟ. ಕೈಯನ್ನು ಜೇಬಿನಿಂದ ಹೊರಗೆ ತೆಗೆಯುವುದಿಲ್ಲ.

– ಭಾನುವಾರ ಕರೆದುಕೊಂಡು ಬಾ, ನಾನು ಮಾತಾಡುತ್ತೇನೆ. ಬೆರಳು ಹೋದವನಿಗೆ ನಾಚಿಕೆ ಯಾಕೆ? ಸಂಬಳದಿಂದ ಪ್ರತಿ ತಿಂಗಳು ಮುಕ್ಕಾಲು ಪರ್ಸೆಂಟ್ ಕೊಟ್ಟಿದ್ದಾನೆ, ಮಾಲೀಕನಿಂದ ಮೂರೂಕಾಲು ಹೋಗಿದೆ. ವಿಮೆಯ ದುಡ್ಡು ಕೇಳುವುದು ಬೇಡುವುದಲ್ಲ. ಸೋಮವಾರ ಸಿವಿಲ್ ಆಸ್ಪತ್ರೆಗೆ ಹೋಗಿ ಬೆರಳು ಅಳೆಸೋಣ, ಆಮೇಲೆ ಅರ್ಜಿ ಬರೆಯಲು ಕೂಡೋಣ. ನಿಮ್ಮ ಕಡೆಯವರು ವಾಳೂಜಿನಲ್ಲಿ ಇನ್ನೂ ಇದ್ದಾರಾ?

– ಬಹಳ ಜನ ಇದ್ದಾರ್ರಿ. ಔರಾದಿನವರು, ಭಾಲ್ಕಿಯವರು. ನಮ್ಮ ಖೋಲಿಯ ಸಾಲಿನಲ್ಲೇ ನಾಲ್ಕು ಮನೆ.

– ಅವರಿಗೆ ಇವತ್ತೇ ಫೋನ್ ಮಾಡಿ ಹೇಳು. ಕೆಲಸಕ್ಕೆ ಸೇರಿದ ಮೊದಲ ದಿನವೇ ಇಎಸ್‌ಐ ನಂಬರ್ ಬರೆಸಿಕೊಳ್ಳಲಿ, ಅಪಘಾತ ಆದ ಮೇಲೆ ನಂಬರ್ ಮಾಡಿಸುವ ಕಾರ್ಖಾನೆಗಳು ಬಹಳ ಇವೆ. ಗಾಯ ಸಣ್ಣದಿರಲಿ ದೊಡ್ಡದಿರಲಿ, ಅಪಘಾತದ ಪುಸ್ತಕದಲ್ಲಿ ಅವತ್ತೇ ಬರೆಸಲಿ, ಫಾರ್ಮ್ 12ರ ಪ್ರತಿ ಕೇಳಿ ಇಟ್ಟುಕೊಳ್ಳಲಿ. ಬೋರ್ಡಿನ ಕಾಗದ ಬಂದರೆ ಮೂರು ತಿಂಗಳು ಮುಗಿಯುವ ಮೊದಲು ಯಾರಿಗಾದರೂ ತೋರಿಸಲಿ.